ಸೊನ್ನೆಯ ಮೇಲೆ ಕೂತ ಮುಳ್ಳು

"ಗುರುಗಳೇ, ನಮಗೆ ಗೊತ್ತಿಲ್ಲದಿದ್ದರೂ ಗೊತ್ತಿದ್ದವರ ಹಾಗೆ ಧೈರ್ಯ ಹೇಳಿದರೆ ತಪ್ಪೇನು?"

ಮರುಳಯ್ಯ ಹೀಗೆ ಕೇಳಿದ್ದು ಒಂದು ಭಾನುವಾರ ಸಂಜೆ. ಪರಸ್ಥಳಕ್ಕೆ ಹೋಗಿದ್ದ ಗುರುಗಳು ಆಗಷ್ಟೇ ಮಠಕ್ಕೆ ಮರಳಿ, ಕಾಲು ತೊಳೆದು ಪಡಸಾಲೆಯಲ್ಲಿ ಕೂತಿದ್ದರು. ಮರುಳಯ್ಯ ಕಾವಿ ಉಟ್ಟು ಇನ್ನೂ ತಿಂಗಳು ತುಂಬಿರಲಿಲ್ಲ. ಗುರುಗಳು ಇಲ್ಲದಾಗ ಮಠಕ್ಕೆ ಬಂದವರನ್ನೆಲ್ಲ ಅವನೇ ನೋಡಿಕೊಂಡಿದ್ದ. ಅದರ ಹೆಮ್ಮೆ ಅವನ ಮುಖದಲ್ಲಿ ಕಾಣುತ್ತಿತ್ತು.

"ಯಾರಿಗೆ ಏನು ಹೇಳಿದೆ?" ಎಂದರು ಗುರುಗಳು.

"ಹಳ್ಳದಾಚೆಯ ಊರಿನಿಂದ ಒಬ್ಬ ತಾಯಿ ಬಂದಿದ್ದರು. ಅವರ ಮಗಳು ಗಂಡನ ಮನೆ ಬಿಟ್ಟು ತಾನಾಗಿ ಬಂದುಬಿಟ್ಟಿದ್ದಾಳೆ. ಏನಾಯಿತು ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ. ಯಾರಾದರೂ ಬಾಗಿಲು ಮುಚ್ಚಿದರೆ ಬೆಚ್ಚಿ ಬೀಳುತ್ತಾಳಂತೆ. ಸೋಮವಾರ ಬೀಗರು ಅವಳನ್ನು ಕರೆದೊಯ್ಯಲು ಬರುತ್ತಾರೆ. 'ಕಳಿಸೂಣೋ ಬ್ಯಾಡೋ, ನೀವ ಹೇಳ್ರಿ ಅಪ್ಪಾರ' ಎಂದು ಕಾಲು ಹಿಡಿದುಕೊಂಡರು. ನನಗೇನು ಗೊತ್ತು? ಗೊತ್ತಿಲ್ಲ ಎಂದರೆ ಅಷ್ಟು ದೂರ ನಡೆದು ಬಂದವರು ಕಂಗಾಲಾಗುತ್ತಿದ್ದರು. ನೀವು ಮಾಡುವ ಹಾಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತೆ. ಆಮೇಲೆ, 'ಕಳಿಸಿರಿ, ಎಲ್ಲ ನೆಟ್ಟಗಾಗುತ್ತದೆ' ಎಂದೆ. ಅವರ ಮುಖ ಅರಳಿತು, ಗುರುಗಳೇ. ಸಮಾಧಾನದಿಂದ ಹೋದರು."

ಗುರುಗಳು ಕೈಯಲ್ಲಿದ್ದ ವಸ್ತ್ರವನ್ನು ಮಡಿಸುತ್ತಿದ್ದವರು ಅಷ್ಟಕ್ಕೇ ನಿಲ್ಲಿಸಿದರು. ಮರುಳಯ್ಯನ ಹೊಸ ಕಾವಿಯನ್ನು ಒಮ್ಮೆ ನೋಡಿದರು. "ಕೂತುಕೋ" ಎಂದು ಹೇಳಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನು ಹೊಲಿಯುತ್ತಿದ್ದ, ಹೆಂಡತಿ ಕಾಜ ಮಾಡಿ ಗುಂಡಿ ಹಚ್ಚುತ್ತಿದ್ದಳು. ಹೊಲಿದ ಬಟ್ಟೆಗಳನ್ನು ಪಕ್ಕದ ಪಟ್ಟಣದ ಅಂಗಡಿಗಳಿಗೆ ಮುಟ್ಟಿಸಲು ಅವರ ಹತ್ತಿರ ಒಂದು ಹಳೆಯ ಮೋಟಾರ್ ಸೈಕಲ್ ಇತ್ತು. ಎಷ್ಟು ಹಳೆಯದು ಎಂದರೆ, ಅದನ್ನು ಮಾರಿದವನು ಇವರು ಮನಸ್ಸು ಬದಲಿಸಿಯಾರು ಎಂದು ಆ ಓಣಿಯಲ್ಲಿ ಓಡಾಡುವುದನ್ನೇ ಬಿಟ್ಟಿದ್ದ. ಎಂಜಿನ್ ಮಾತ್ರ ಗಟ್ಟಿಯಾಗಿತ್ತು. ಉಳಿದದ್ದೆಲ್ಲ ತುಕ್ಕು, ಧೂಳು, ಬಿರುಕು.

ಅದರ ವೇಗ ತೋರಿಸುವ ಮೀಟರ್ ಇದ್ದೂ ಇಲ್ಲದ ಹಾಗಿತ್ತು. ಮೇಲಿನ ಗಾಜು ಹಳದಿಯಾಗಿ ಮಂಕಾಗಿತ್ತು. ಒಳಗಿನ ಅಂಕಿಗಳು ಬಿಸಿಲಿಗೆ ಅಳಿಸಿಹೋಗಿದ್ದವು. ಮುಳ್ಳು ಯಾವ ಬಣ್ಣದ್ದಿತ್ತು ಎಂದು ಯಾರಿಗೂ ನೆನಪಿರಲಿಲ್ಲ. ಆದರೂ ದರ್ಜಿಗೆ ತೊಂದರೆ ಇರಲಿಲ್ಲ. ಸೀಟಿನ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇತ್ತು, ಅದರ ಮುಚ್ಚಳ ಸಡಿಲಾಗಿತ್ತು. ಗಾಡಿ ಸ್ವಲ್ಪ ಜೋರಾದರೆ ಮುಚ್ಚಳ ಗಡಗಡ ಎನ್ನುತ್ತಿತ್ತು. ಗಡಗಡ ಎಂದ ಕೂಡಲೇ ಹಿಂದೆ ಕೂತ ಹೆಂಡತಿ ಅವನ ಭುಜ ತಟ್ಟುತ್ತಿದ್ದಳು. ಅವನು ಕೈ ಸಡಿಲಿಸುತ್ತಿದ್ದ. ಅವರ ವೇಗಕ್ಕೆ ಲೆಕ್ಕ ಇದ್ದದ್ದು ಇಷ್ಟೇ.

ಹೆಂಡತಿಗೆ ಗಾಡಿ ಎಂದರೆ ಭಯ. ಚಿಕ್ಕಂದಿನಲ್ಲಿ ಸೋದರಮಾವನ ಗಾಡಿಯ ಹಿಂದೆ ಕೂತು ಹೋಗುವಾಗ ಬಿದ್ದಿದ್ದಳು. ಆ ಭಯ ಮದುವೆಯಾದರೂ ಹೋಗಲಿಲ್ಲ. ದರ್ಜಿಗೆ ಅವಳ ಭಯ ನೋಡಿ ಸಂಕಟವಾಗುತ್ತಿತ್ತು. ಅವನು ಹೆಂಡತಿಯನ್ನು ನಿಜವಾಗಿಯೂ ಪ್ರೀತಿಸುತ್ತಿದ್ದ. ಈ ಮಾತು ನೆನಪಿಟ್ಟುಕೋ ಮರುಳಯ್ಯ, ಕತೆಯ ಕೊನೆಯಲ್ಲಿ ನೀನೇ ಅದನ್ನು ನನಗೆ ಹೇಳುತ್ತೀಯೆ.

ಮೀಟರ್ ನೆಟ್ಟಗಿದ್ದರೆ ಅವಳು ಕಣ್ಣಾರೆ ನೋಡಿ ಧೈರ್ಯವಾಗಿ ಕೂಡುತ್ತಾಳೆ ಎಂದು ಅವನಿಗೆ ಅನಿಸಿತು. ಪಟ್ಟಣದಲ್ಲಿ ಹೊಸ ಮೀಟರಿನ ಬೆಲೆ ಕೇಳಿದ. ಕೇಳಿ, ಬಂದ ದಾರಿ ಹಿಡಿದ. ಮನೆಯಲ್ಲೇ ರಿಪೇರಿ ಮಾಡುತ್ತೇನೆ ಎಂದು ನಿರ್ಧರಿಸಿದ.

ಕೈಕೆಲಸದವನಿಗೆ ಕೈ ಸುಮ್ಮನಿರುವುದಿಲ್ಲ. ಅಂಗಳದಲ್ಲಿ ಹಳೆಯ ಸೀರೆ ಹಾಸಿ ಗಾಡಿಯ ಒಂದೊಂದೇ ಭಾಗ ಬಿಚ್ಚಿ ಇಟ್ಟ. ಬಿಸ್ಕತ್ತಿನ ಪೊಟ್ಟಣದ ಬೆಳ್ಳಿ ಕಾಗದವನ್ನು ನೀರಲ್ಲಿ ಅದ್ದಿ, ಮೀಟರಿನ ಸುತ್ತಲಿನ ಬಳೆಯನ್ನು ತಿಕ್ಕಿದ. ಕಂದು ನೀರು ಇಳಿದು ಒಳಗಿನ ಹೊಳಪು ಎದ್ದಿತು. ಮಂಕಾದ ಗಾಜಿಗೆ ಹಲ್ಲುಪುಡಿ ಹಚ್ಚಿ, ಹರಿದ ಬನಿಯನ್ನಿನಿಂದ ಉಜ್ಜಿದ. ಉಜ್ಜಿ ಉಜ್ಜಿ ಅದು ತಿಳಿನೀರಿನ ಹಾಗಾಯಿತು. ಅಳಿಸಿಹೋದ ಅಂಕಿಗಳನ್ನು, ಹೊಲಿಯುವ ಸೂಜಿಯ ತುದಿಗೆ ಬಿಳಿ ಬಣ್ಣ ಅಂಟಿಸಿಕೊಂಡು ಉಸಿರು ಬಿಗಿಹಿಡಿದು ತಿದ್ದಿದ. ಟ್ಯಾಂಕಿನ ಮೇಲಿನ ಅಕ್ಷರಗಳಿಗೆ ಚಿನ್ನದ ಬಣ್ಣ ಕೊಟ್ಟ. ಕರಿ ಮಾಸಿದ ರಬ್ಬರಿಗೆ ಕೊಬ್ಬರಿ ಎಣ್ಣೆ ಸವರಿದ. ಸೀಟಿಗೆ ಹೊಸ ರೆಕ್ಸಿನ್ ಹೊಲಿದು ಅಂಚಿಗೆ ಕೆಂಪು ದಾರ ಕೊಟ್ಟ. ಅದರಲ್ಲಂತೂ ಅವನನ್ನು ಮೀರಿಸುವವರು ಯಾರು?

ತಗಡಿನ ಪೆಟ್ಟಿಗೆಯನ್ನೂ ಬಿಡಲಿಲ್ಲ. ಅದರ ಮುಚ್ಚಳಕ್ಕೆ ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿ ಸುತ್ತಲೂ ಅಂಟಿಸಿದ. ಮುಚ್ಚಳ ಬಿಗಿಯಾಯಿತು. ಎಷ್ಟೋ ವರ್ಷದಿಂದ ಎಚ್ಚರಿಕೆ ಹೇಳುತ್ತಿದ್ದ ಬಾಯಿ ಅದರೊಂದಿಗೇ ಮುಚ್ಚಿತು. ಅದು ಅವನಿಗೆ ಹೊಳೆಯಲಿಲ್ಲ. ಸದ್ದು ನಿಂತಿತಲ್ಲ ಎಂದು ಸಂತೋಷಪಟ್ಟ.

ಉಳಿದದ್ದು ಮುಳ್ಳು. ಅದನ್ನು ಎರಡು ಚಮಚಗಳ ನಡುವೆ ಹಿಡಿದು ಮೀಟಿ ತೆಗೆದಿದ್ದ. ತೆಗೆಯುವ ಮೊದಲು ಅದು ಯಾವ ಬಿಗಿಯಲ್ಲಿ ನಿಂತಿತ್ತು ಎಂದು ಗುರುತು ಮಾಡಿಕೊಂಡಿರಲಿಲ್ಲ. ಬಟ್ಟೆ ಕತ್ತರಿಸುವ ಮುಂಚೆ ಸೀಮೆಸುಣ್ಣದಿಂದ ಹತ್ತು ಕಡೆ ಗುರುತು ಹಾಕುವ ಮನುಷ್ಯ, ಇಲ್ಲಿ ಒಂದು ಗುರುತನ್ನೂ ಹಾಕಲಿಲ್ಲ. ಹೆಂಡತಿಯ ಕೆಂಪು ಉಗುರುಬಣ್ಣ ಕೇಳಿ ತಂದು ಮುಳ್ಳಿಗೆ ಹಚ್ಚಿದ. ಒಣಗಿದ ಮೇಲೆ ಮೊದಲಿನ ಜಾಗಕ್ಕೆ ಒತ್ತಿ ಕೂರಿಸಿದ.

ಅದು ಸೊನ್ನೆಯ ಮೇಲೆ ನೆಟ್ಟಗೆ ಕೂಡಲಿಲ್ಲ. ಸೊನ್ನೆಗಿಂತ ಕೂದಲೆಳೆಯಷ್ಟು ಮೇಲೆ ನಿಂತು ನಡುಗುತ್ತಿತ್ತು. ದರ್ಜಿಗೆ ಅದು ಸೇರಲಿಲ್ಲ. ಸಡಿಲಾಗಿ ಅಲ್ಲಾಡುವ ಗುಂಡಿಯನ್ನು ಕಂಡರೆ ಅವನಿಗೆ ಕೈ ತುರಿಸುತ್ತಿತ್ತು, ಇದನ್ನು ಹೇಗೆ ಬಿಟ್ಟಾನು? ಮೀಟರಿನೊಳಗೆ ಸೊನ್ನೆಯ ಪಕ್ಕದಲ್ಲಿ ಒಂದು ಸಣ್ಣ ಗೂಟ ಇರುತ್ತದೆ, ಮುಳ್ಳು ಅದಕ್ಕೆ ಆನಿಕೊಂಡು ನಿಲ್ಲಲಿ ಎಂದು. ಅವನು ಮುಳ್ಳನ್ನು ಕಿತ್ತು, ಗೂಟದ ಆ ಕಡೆ, ಸೊನ್ನೆಗಿಂತ ಬಹಳ ಕೆಳಗೆ ಒತ್ತಿ ಕೂರಿಸಿದ. ಆಮೇಲೆ ಗುಂಡಿಯನ್ನು ಕಾಜದಿಂದ ದಾಟಿಸುವ ಹಾಗೆ ಅದನ್ನು ಎತ್ತಿ ಗೂಟ ದಾಟಿಸಿ ಈ ಕಡೆಗೆ ತಂದು ಬಿಟ್ಟ. ಒಳಗಿನ ಸ್ಪ್ರಿಂಗು ಎಳೆದು ಹಿಡಿಯಿತು. ಮುಳ್ಳು ಗೂಟಕ್ಕೆ ಬಿಗಿಯಾಗಿ ಒತ್ತಿಕೊಂಡು ಸೊನ್ನೆಯ ಮೇಲೆ ಕೂತಿತು. ಚೂರೂ ಅಲ್ಲಾಡಲಿಲ್ಲ. ದರ್ಜಿ ತಲೆದೂಗಿದ.

ನಿನಗೆ ಗಾಡಿಯ ವಿಷಯ ಗೊತ್ತಿಲ್ಲ, ನನಗೂ ಅಷ್ಟಕ್ಕಷ್ಟೇ. ಇಷ್ಟು ತಿಳಿದರೆ ಸಾಕು. ಆ ಮುಳ್ಳಿನ ನಿಜವಾದ ಜಾಗ ಈಗ ಸೊನ್ನೆಯ ಕೆಳಗಿತ್ತು. ಗಾಡಿ ಓಡಿದಾಗ ಅದು ಆ ಕೆಳಗಿನ ದೂರವನ್ನೆಲ್ಲ ಒಳಗೊಳಗೇ ಮುಗಿಸಿ, ಆಮೇಲೆ ಸೊನ್ನೆಯಿಂದ ಏಳಬೇಕು. ಗಾಡಿ ಅರವತ್ತರಲ್ಲಿ ಓಡುವಾಗ ಮುಳ್ಳು ನಲವತ್ತು ಎನ್ನುತ್ತಿತ್ತು. ಆದರೆ ಎಷ್ಟು ಚೆನ್ನಾಗಿ ಎನ್ನುತ್ತಿತ್ತು! ತಿಳಿಯಾದ ಗಾಜಿನ ಒಳಗೆ, ಬೆಳ್ಳನೆಯ ಅಂಕಿಗಳ ನಡುವೆ, ಕೆಂಪು ಮುಳ್ಳು ನಡುಗದೆ ನಿಂತು ಹೇಳುತ್ತಿತ್ತು. ಅದನ್ನು ನಂಬದಿರುವುದು ಯಾರಿಗೆ ಸಾಧ್ಯ?

ದರ್ಜಿ ಹೆಂಡತಿಯನ್ನು ಕರೆದು ತೋರಿಸಿದ. ಅವಳಿಗೆ ಓದು ಬರುತ್ತಿರಲಿಲ್ಲ. ಅವನು ನಲವತ್ತರ ಅಂಕಿಯ ಮೇಲೆ ಬೆರಳಿಟ್ಟು, "ಇದನ್ನ ದಾಟಿತಂದ್ರ ಭುಜಾ ತಟ್ಟು. ದಾಟೂತನಾ ನಿನಗ ಏನೂ ಆಗೂದಿಲ್ಲ" ಎಂದ.

ಅವಳು ಆ ಅಂಕಿಯನ್ನು ಕಣ್ಣಲ್ಲಿ ಇಟ್ಟುಕೊಂಡಳು. "ಇಷ್ಟ ಚಂದ ಮಾಡೀರಿ, ನಾ ಇನ್ನ ಅಂಜೂದಿಲ್ಲ ಬಿಡ್ರಿ" ಎಂದಳು. ಅವತ್ತು ಅವಳು ಅವನ ಬೆನ್ನಿಗೆ ಗಟ್ಟಿಯಾಗಿ ಅಂಟಿಕೊಳ್ಳದೆ ಆರಾಮಾಗಿ ಕೂತಳು. ದರ್ಜಿಗೆ ತನ್ನ ಜನ್ಮ ಸಾರ್ಥಕವಾಯಿತು ಎನಿಸಿತು.

ಮೊದಲು ಅವಳು ರಸ್ತೆ ನೋಡುತ್ತಿದ್ದಳು, ಸದ್ದು ಕೇಳುತ್ತಿದ್ದಳು. ಈಗ ಗಂಡನ ಭುಜದ ಮೇಲಿಂದ ಮುಳ್ಳು ಒಂದನ್ನೇ ನೋಡತೊಡಗಿದಳು. ಕೆಲವೊಮ್ಮೆ ಸೆರಗು ಹಾರಿ ಕಿವಿಗೆ ಗಾಳಿ ಬಡಿಯುತ್ತಿತ್ತು. ಮುಳ್ಳು ನೋಡಿದರೆ ಅದು ನಲವತ್ತರ ಒಳಗೇ ಇರುತ್ತಿತ್ತು. ಇವತ್ತು ಗಾಳಿಯೇ ಜೋರು ಎಂದುಕೊಳ್ಳುತ್ತಿದ್ದಳು. ದರ್ಜಿಯದೂ ಅದೇ ಕತೆ. ಗಾಡಿ ಹಗುರಾಗಿ ಓಡುತ್ತಿದೆ, ಎಲ್ಲ ಕೊಬ್ಬರಿ ಎಣ್ಣೆಯ ಪ್ರತಾಪ ಎಂದು ಖುಷಿಪಟ್ಟ.

ಒಂದು ದಿನ ಅದೇ ರಸ್ತೆಯಲ್ಲಿ ಅವರ ಹಿಂದೆ ಒಬ್ಬ ಹೂಗಾರ ಸ್ಕೂಟರಿನಲ್ಲಿ ಬಂದ. ಚಹದಂಗಡಿಯ ಮುಂದೆ ಇಬ್ಬರೂ ನಿಂತರು. ಹೂಗಾರ ಬೆವರು ಒರೆಸಿಕೊಳ್ಳುತ್ತ ಹೇಳಿದ:

"ಏನ್ ಹೊಡಿತೀಯೋ ಯಣ್ಣಾ. ನನ್ನ ಮುಳ್ಳು ಅರವತ್ತರ ಮ್ಯಾಲಿತ್ತು, ಆದ್ರೂ ನಿನ್ನ ಹಿಡಿಯಾಕಾಗ್ಲಿಲ್ಲ. ಹಿಂದ ಹೆಣ್ಣಮಗಳು ಕೂತಾಳ, ಸಾವಕಾಶ ಹೋಗು."

ದರ್ಜಿ ನಕ್ಕ. "ನಲವತ್ತ ದಾಟಿಲ್ಲ ಮಾರಾಯಾ. ನಿನ್ನ ಮೀಟರ್ ಒರಸಿ ಎಷ್ಟ ದಿನಾ ಆತು, ನೋಡ್ಕೋ ಒಮ್ಮೆ."

"ನಾನ ನೋಡ್ಕೋತ ಬಂದೀನಣ್ಣಾ, ದಾಟಿಲ್ಲ" ಎಂದು ಹೆಂಡತಿಯೂ ಹೇಳಿದಳು.

ಚಹ ಕುಡಿಯುತ್ತಿದ್ದವರು ಎರಡೂ ಮೀಟರ್ ನೋಡಿದರು. ಸ್ಕೂಟರಿನ ಗಾಜು ಸೀಳಿತ್ತು, ಒಳಗೆ ಧೂಳು ಕೂತಿತ್ತು, ಅಂಚಿಗೆ ಬಾಡಿದ ಸೇವಂತಿಗೆಯ ಎಸಳು ಅಂಟಿತ್ತು. ದರ್ಜಿಯ ಮೀಟರ್ ಈಗಷ್ಟೇ ಅಂಗಡಿಯಿಂದ ತಂದಂತಿತ್ತು. ಎಲ್ಲರೂ ಹೂಗಾರನನ್ನು ನೋಡಿ ನಕ್ಕರು. ಹೂಗಾರ ಪೆಚ್ಚಾಗಿ ತನ್ನ ಮೀಟರಿಗೆ ಬೆರಳಿನಿಂದ ಎರಡು ಸಲ ತಟ್ಟಿದ. ಇದ್ದರೂ ಇರಬಹುದು, ನನ್ನದೇ ಕೆಟ್ಟಿರಬೇಕು ಎಂದುಕೊಂಡ. ಆ ಜಾಗದಲ್ಲಿ ನಿಜ ಹೇಳಿದ್ದು ಅವನದೊಂದೇ ಮೀಟರ್. ಕೊನೆಗೆ ಅವನೂ ಅದನ್ನು ನಂಬಲಿಲ್ಲ.

ಆಮೇಲೆ ಬಹಳ ದಿನ ಆಗಿರಲಿಲ್ಲ. ದರ್ಜಿ, ಹೆಂಡತಿ ಇಬ್ಬರೂ ಬಟ್ಟೆಯ ಗಂಟು ಕಟ್ಟಿಕೊಂಡು ಪಟ್ಟಣಕ್ಕೆ ಹೊರಟರು. ಕಾಲುವೆಯ ಸೇತುವೆಯ ಹತ್ತಿರ ರಸ್ತೆ ತಿರುಗುತ್ತದೆ. ಹಿಂದಿನ ದಿನ ಯಾರೋ ಅಲ್ಲಿ ಜಲ್ಲಿ ಇಳಿಸಿಕೊಂಡಿದ್ದರು, ಒಂದಿಷ್ಟು ರಸ್ತೆಯ ಮೇಲೆ ಚೆಲ್ಲಿತ್ತು. ದರ್ಜಿ ಮೀಟರ್ ನೋಡಿದ. ನಲವತ್ತಕ್ಕೆ ಸ್ವಲ್ಪ ಕಮ್ಮಿ. ಈ ವೇಗದಲ್ಲಿ ಆ ತಿರುವನ್ನು ಸುಲಭವಾಗಿ ದಾಟಬಹುದು ಎಂದುಕೊಂಡ. ಹೆಂಡತಿಯೂ ಮುಳ್ಳು ನೋಡಿದಳು. ಭುಜ ತಟ್ಟಲಿಲ್ಲ.

ಗಾಡಿ ಜಲ್ಲಿಯ ಮೇಲೆ ಜಾರಿತು. ಇಬ್ಬರೂ ಬಿದ್ದರು. ಸೇತುವೆಯ ಕಟ್ಟೆಗೂ ಗಾಡಿಗೂ ನಡುವೆ ಅವಳ ಕಾಲು ಸಿಕ್ಕಿತು.

ಮರುಳಯ್ಯ ಬೆಚ್ಚಿ ತಲೆ ಎತ್ತಿದ. ಗುರುಗಳು ಕತೆ ನಿಲ್ಲಿಸಲಿಲ್ಲ.

ದವಾಖಾನೆಯಲ್ಲಿ ಆ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ದರ್ಜಿ ಹೊರಗೆ ಗೋಡೆಗೆ ಆತುಕೊಂಡು ಕೂತಿದ್ದ. ಅವನಿಗೆ ಅಳು ಬರಲಿಲ್ಲ. ಇದು ಹೇಗಾಯಿತು, ನಲವತ್ತು ದಾಟಿರಲಿಲ್ಲವಲ್ಲ ಎಂಬ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಅವಳ ಅಣ್ಣ ಬಂದು ಅವನ ಅಂಗಿ ಹಿಡಿದು, ಎಷ್ಟು ಜೋರು ಓಡಿಸಿದೆ ಎಂದು ಕೇಳಿದ. ಒಳಗೆ ಮಲಗಿದ್ದ ಹೆಂಡತಿಗೆ ಅದು ಕೇಳಿಸಿತು. ಅಣ್ಣನನ್ನು ಕರೆದು, "ಅವರದೇನೂ ತಪ್ಪಿಲ್ಲಣ್ಣಾ. ನಾ ಕಣ್ಣ ಪಿಳುಕಿಸದಂಗ ನೋಡ್ಕೋತಿದ್ದೆ. ಮುಳ್ಳು ದಾಟಿರಲಿಲ್ಲ" ಎಂದಳು. ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿದಳು. ಎಲ್ಲರೂ ನಂಬಿದರು. ದರ್ಜಿಯ ಕೈ ಹಿಡಿದು ಸಮಾಧಾನ ಹೇಳಿ ಹೋದರು.

ಹೂಗಾರನೂ ಬಂದಿದ್ದ. ತಲೆ ತಗ್ಗಿಸಿ ನಿಂತು, ಹೊರಟುಹೋದ. ಅವನನ್ನು ನೋಡಿದ ಮೇಲೆ ದರ್ಜಿಗೆ ಚಹದಂಗಡಿಯ ಮಾತು ನೆನಪಾಯಿತು.

ಅವನು ಮನೆಗೆ ಬಂದ. ಯಾರೋ ಗಾಡಿಯನ್ನು ತಂದು ಅಂಗಳದಲ್ಲಿ ಒರಗಿಸಿದ್ದರು. ಹ್ಯಾಂಡಲ್ ಸೊಟ್ಟಗಾಗಿತ್ತು, ದೀಪ ಒಡೆದಿತ್ತು. ಮೀಟರಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ಕೆಂಪು ಮುಳ್ಳು ಸೊನ್ನೆಯ ಮೇಲೆ ತೆಪ್ಪಗೆ ಕೂತಿತ್ತು. ಅವನು ಮೀಟರಿನ ಸುತ್ತಲಿನ ಬಳೆ ಬಿಚ್ಚಿ ಗಾಜು ತೆಗೆದ. ಸೂಜಿಯ ತುದಿಯಿಂದ ಮುಳ್ಳನ್ನು ಎತ್ತಿ, ಗೂಟ ದಾಟಿಸಿ ಬಿಟ್ಟ.

ಮುಳ್ಳು ಅಲ್ಲಿ ನಿಲ್ಲಲಿಲ್ಲ. ಸರಕ್ಕನೆ ಕೆಳಗೆ ಜಾರಿತು. ಅಂಕಿಯೇ ಇಲ್ಲದ ಕಪ್ಪು ಜಾಗಕ್ಕೆ ಹೋಗಿ ನಿಂತಿತು.

ದರ್ಜಿ ಅಲ್ಲಿಗೂ ಸೊನ್ನೆಗೂ ನಡುವಿನ ಜಾಗವನ್ನು ನೋಡಿದ. ಅಷ್ಟು ವೇಗ ಅವನಿಗೂ ಕಾಣದೆ, ಅವಳಿಗೂ ಕಾಣದೆ ಅಲ್ಲಿ ಅಡಗಿ ಕೂತಿತ್ತು. ಮುಚ್ಚಿದ್ದು ಅವನ ಕೈಯೇ.

ಅವನು ಹೇಳದೆ ಇದ್ದುಬಿಡಬಹುದಿತ್ತು. ಅವಳೇ ಅವನ ಪರ ಸಾಕ್ಷಿ ಹೇಳುತ್ತಿದ್ದಳು. ಆದರೆ ಆ ಸಾಕ್ಷಿಯನ್ನು ದಿನಾ ಕೇಳುವುದು ಅವನಿಂದ ಆಗಲಿಲ್ಲ. ದವಾಖಾನೆಗೆ ಹೋಗಿ ಅವಳ ಮಂಚದ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದ. ಚಮಚದಿಂದ ಮೀಟಿದ್ದು ಹೇಳಿದ, ಗುರುತು ಹಾಕದ್ದು ಹೇಳಿದ, ಅಲ್ಲಾಡುತ್ತಿದ್ದ ಮುಳ್ಳನ್ನು ಬಿಗಿ ಮಾಡಿದ್ದು ಹೇಳಿದ. ಅವಳು ಬಯ್ಯುತ್ತಾಳೆ ಎಂದು ಕಾದ. ಬೈದಿದ್ದರೆ ಅವನಿಗೆ ಬದುಕಿದಂತಾಗುತ್ತಿತ್ತು.

ಅವಳು ಅವನ ಕಡೆ ತಿರುಗಿ ಕೇಳಿದಳು:

"ಹಂಗಾರ ನಾ ಅಷ್ಟ ದಿನಾ ಏನ ನೋಡ್ಕೋತ ಕೂತಿದ್ನಿ?"



ಗುರುಗಳು ಕತೆ ಮುಗಿಸಿದರು. ಮಡಿಸದೆ ಬಿಟ್ಟಿದ್ದ ವಸ್ತ್ರವನ್ನು ಪಕ್ಕಕ್ಕೆ ಇಟ್ಟರು. ದರ್ಜಿಯ ಹೆಂಡತಿಯ ಪ್ರಶ್ನೆ ಮರುಳಯ್ಯನನ್ನೇ ಕೇಳಿದ ಹಾಗಿತ್ತು. ತಪ್ಪಿಸಿಕೊಳ್ಳಲು ಒಂದು ದಾರಿ ಹುಡುಕಿ ಅವನು ಹೇಳಿದ:

"ಅವನು ಬೇಕೆಂದು ಮಾಡಲಿಲ್ಲವಲ್ಲ, ಗುರುಗಳೇ. ಹೆಂಡತಿಯ ಮೇಲಿನ ಪ್ರೀತಿಯಿಂದ, ಅವಳ ಭಯ ಹೋಗಲಿ ಎಂದು ಮಾಡಿದ."

"ಹೌದು. ಭಯ ಹೋಯಿತು" ಎಂದರು ಗುರುಗಳು.

ಮರುಳಯ್ಯ ತನ್ನ ಕಾವಿಯ ಅಂಚನ್ನು ಮುದ್ದೆ ಮಾಡಿ ಹಿಡಿದಿದ್ದ. ಬಾಗಿಲು ಮುಚ್ಚಿದರೆ ಬೆಚ್ಚಿ ಬೀಳುವ ಹುಡುಗಿ ಅವನಿಗೆ ಈಗ ನೆನಪಾದಳು. ತಾಯಿ ಅದನ್ನು ಹೇಳುವಾಗ ಅವನು ಕಣ್ಣು ಮುಚ್ಚಿ ಹೇಗೆ ಕೂಡಬೇಕು ಎಂದು ಯೋಚಿಸುತ್ತಿದ್ದ. "ಆ ದರ್ಜಿ ನಿಜ ಹೇಳಿದನಲ್ಲ, ಅಷ್ಟಾದರೂ ಒಳ್ಳೆಯದಲ್ಲವೇ?" ಎಂದು ಮೆಲ್ಲಗೆ ಕೇಳಿದ.

"ಹೇಳಿದ. ಕಾಲು ಹೋದ ಮೇಲೆ ಹೇಳಿದ."

ಗುರುಗಳು ಎದ್ದು, ಗೂಟಕ್ಕೆ ತೂಗುಹಾಕಿದ್ದ ಕಂದೀಲನ್ನು ತೆಗೆದು ಮರುಳಯ್ಯನ ಮುಂದೆ ಇಟ್ಟರು.

"ನಾಳೆ ಸೋಮವಾರ, ಬೀಗರು ಬರುವ ದಿನ. ಈಗ ಹೊರಟರೆ ಆ ತಾಯಿಯ ಮನೆ ಮುಟ್ಟುವುದು ಎಷ್ಟು ಹೊತ್ತಿಗೆ?"